ಮಧ್ಯಾಹ್ನ ಒಂದೂವರೆಯ ಎಣಿಕೆ: ಪಂಜಾಬಿನ ಕೂಳೆ ಬೆಂಕಿಯ ಕಥೆ

2021ರ ಭತ್ತದ ಕಟಾವಿನ ಕಾಲದಲ್ಲಿ ಪಂಜಾಬಿನ ಹೊಲಗಳಲ್ಲಿ ಉಪಗ್ರಹಗಳು ಎಣಿಸಿದ ಬೆಂಕಿ 71,304. 2024ರಲ್ಲಿ ಅದೇ ಎಣಿಕೆ 10,909. ಮೂರೇ ವರ್ಷದಲ್ಲಿ ಸುಮಾರು ಏಳರಲ್ಲಿ ಒಂದು ಪಾಲಿಗೆ ಇಳಿಯಿತು. ಖುಷಿಯ ಸುದ್ದಿಯೇ. ಆದರೆ ಈ ಬೆಂಕಿಯನ್ನು ಯಾವ ಹೊತ್ತಿನಲ್ಲಿ, ಹೇಗೆ ಎಣಿಸುತ್ತಾರೆ ಎಂಬುದನ್ನೂ ನಾವು ತಿಳಿಯಬೇಕು. ಏಕೆಂದರೆ ರೈತನ ಮನೆಗೆ ದಂಡದ ನೋಟಿಸು ಬರುವುದು ಈ ಎಣಿಕೆಯಿಂದಲೇ.

ನೀರು ಉಳಿಸಲು ಹೋಗಿ

ಪಂಜಾಬಿನವರು ರೊಟ್ಟಿ ತಿನ್ನುವ ಜನ. ಅಲ್ಲಿ ಭತ್ತ ಹೆಚ್ಚಿದ್ದು ಹಸಿರು ಕ್ರಾಂತಿಯ ನಂತರ. ಬೆಂಬಲ ಬೆಲೆ, ಕೊಳವೆಬಾವಿ, ಪಂಪ್‌ಸೆಟ್‌ಗೆ ಉಚಿತ ಕರೆಂಟು ಸೇರಿ ಇಂದು 30 ಲಕ್ಷ ಹೆಕ್ಟೇರ್‌ಗೂ ಹೆಚ್ಚು ಭತ್ತ ಬೆಳೆಯುತ್ತಾರೆ. ಕೂಲಿಯಾಳು ಸಿಗದಾದಾಗ ಕಟಾವು ಯಂತ್ರ ಬಂತು. ಅದು ತೆನೆ ಕತ್ತರಿಸಿ ಮುಂದೆ ಹೋಗುತ್ತದೆ. ಕೂಳೆ ನಿಂತೇ ಇರುತ್ತದೆ, ಹುಲ್ಲು ಹೊಲದ ತುಂಬ ಚೆಲ್ಲಿರುತ್ತದೆ. ನಮ್ಮಲ್ಲಾದರೆ ಹುಲ್ಲು ಬಣವೆ ಸೇರಿ ದನದ ಹೊಟ್ಟೆ ತುಂಬಿಸುತ್ತದೆ. ಅಲ್ಲಿ ದನಗಳಿಗೆ ಹೆಚ್ಚಾಗಿ ಹಾಕುವುದು ಗೋಧಿಯ ಹೊಟ್ಟು. ಭತ್ತದ ಹುಲ್ಲಿಗೆ ಉಳಿದ ದಾರಿ ಬೆಂಕಿಕಡ್ಡಿ.

ಅಂತರ್ಜಲ ಪಾತಾಳಕ್ಕೆ ಇಳಿದಾಗ 2009ರಲ್ಲಿ ಪಂಜಾಬ್ ಸರ್ಕಾರ ಒಂದು ಕಾನೂನು ತಂದಿತು: ಜೂನ್ 10ಕ್ಕೆ ಮೊದಲು ಭತ್ತ ನಾಟಿ ಮಾಡುವಂತಿಲ್ಲ. ಬಿರುಬೇಸಿಗೆಯಲ್ಲಿ ನೀರೆತ್ತುವುದು ತಪ್ಪಲಿ ಎಂಬ ಉದ್ದೇಶ ಸರಿಯೇ ಇತ್ತು. ಆದರೆ ನಾಟಿ ತಡವಾದಂತೆ ಕಟಾವೂ ತಡವಾಯಿತು. ನವೆಂಬರ್ ಮಧ್ಯದೊಳಗೆ ಗೋಧಿ ಬಿತ್ತಬೇಕು. ನಡುವೆ ಉಳಿದದ್ದು ಎರಡು ಮೂರು ವಾರ. ಗಾಳಿ ಮಂದವಾಗಿ, ಚಳಿಗೆ ಹೊಗೆ ಮೇಲೇರದೆ ಕೆಳಗೇ ಕೂರುವ ದಿನಗಳೂ ಅವೇ. ನೀರಿನ ಚಿಂತೆ ಹೊಗೆಯ ಚಿಂತೆಯಾಯಿತು.

ಆಕಾಶದ ಕಣ್ಣು

ನಾಸಾದ ಟೆರ್ರಾ ಉಪಗ್ರಹ 1999ರಲ್ಲಿ, ಆಕ್ವಾ 2002ರಲ್ಲಿ ಹಾರಿದವು. ಇವು ನೆಲದ ಬಿಸಿಯನ್ನು ಒಂದು ಕಿಲೋಮೀಟರ್ ಚೌಕದ ಲೆಕ್ಕದಲ್ಲಿ ಗುರುತಿಸಿದರೆ, 2011ರಲ್ಲಿ ಹೋದ ಸುವೋಮಿ ಉಪಗ್ರಹದ ಉಪಕರಣ 375 ಮೀಟರ್ ಚೌಕದ ಲೆಕ್ಕದಲ್ಲಿ ಗುರುತಿಸಿತು. ಇಲ್ಲಿ ಎಣಿಕೆಯಾಗುವುದು ಹೊಗೆಯಲ್ಲ, ಉರಿಯ ಬಿಸಿ.

2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೂಳೆ ಸುಡುವುದನ್ನು ನಿಷೇಧಿಸಿ, ಜಮೀನಿನ ಅಳತೆಗೆ ತಕ್ಕಂತೆ ದಂಡ ಗೊತ್ತುಮಾಡಿತು. 2021ರಲ್ಲಿ ಇಸ್ರೋ ನೆರವಿನಿಂದ ಒಂದೇ ಬಗೆಯ ಎಣಿಕೆ ವಿಧಾನ ಬಂತು. ಅಲ್ಲಿಂದ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಸೆಪ್ಟೆಂಬರ್ 15ರಿಂದ ನವೆಂಬರ್ 30ರವರೆಗೆ ದಿನವೂ ಲೆಕ್ಕ ಕೊಡುತ್ತಿದೆ. ಬೆಂಕಿ ಕಂಡ ಜಾಗದ ವಿವರ ಜಿಲ್ಲೆಗೆ ಹೋಗುತ್ತದೆ, ಅಧಿಕಾರಿ ಹೊಲಕ್ಕೆ ಬರುತ್ತಾರೆ. 2024ರ ನವೆಂಬರ್‌ನಲ್ಲಿ ದಂಡ ದುಪ್ಪಟ್ಟಾಗಿ, ಐದು ಎಕರೆಗಿಂತ ಹೆಚ್ಚಿದ್ದವರಿಗೆ 30,000 ರೂಪಾಯಿ ಆಯಿತು.

ಕಣ್ಣು ಮುಚ್ಚಿದ ಹೊತ್ತು

ಎಣಿಕೆಗೆ ಮುಖ್ಯ ಆಧಾರವಾದ ಉಪಗ್ರಹಗಳು ಹಗಲಲ್ಲಿ ನಮ್ಮ ಮೇಲೆ ಹಾಯುವುದು ಮಧ್ಯಾಹ್ನ ಸುಮಾರು ಒಂದೂವರೆಗೆ. ಸಂಜೆ ನಾಲ್ಕಕ್ಕೆ ಹಚ್ಚಿ ಐದಕ್ಕೆ ಆರಿದ ಬೆಂಕಿ ಅವುಗಳ ಲೆಕ್ಕಕ್ಕೆ ಸಿಗುವುದಿಲ್ಲ.

2024ರಲ್ಲಿ ನಾಸಾ ವಿಜ್ಞಾನಿ ಹಿರೇನ್ ಜೇತ್ವಾ ದಕ್ಷಿಣ ಕೊರಿಯಾದ ಉಪಗ್ರಹವೊಂದರ ಚಿತ್ರಗಳನ್ನು ನೋಡಿದರು. ಅದು ಒಂದೇ ಕಡೆ ನಿಂತಂತೆ ಇದ್ದು ಹತ್ತು ನಿಮಿಷಕ್ಕೊಮ್ಮೆ ಚಿತ್ರ ತೆಗೆಯುತ್ತದೆ. ಮಧ್ಯಾಹ್ನದ ಉಪಗ್ರಹಗಳು ದಾಟಿಹೋದ ಮೇಲೆ ಹೊಗೆ ಏಳುವುದು ಅದರಲ್ಲಿ ಕಂಡಿತು. ಬೆಂಕಿಯ ಎಣಿಕೆ ಇಳಿದಷ್ಟು ಗಾಳಿಯಲ್ಲಿನ ಹೊಗೆ ಇಳಿದಿರಲಿಲ್ಲ.

ಬೆಂಕಿ ಆರಿದರೂ ಕರಕಲಾದ ನೆಲ ಕೆಲವು ದಿನ ಹಾಗೇ ಕಾಣುತ್ತದೆ. ಹೀಗೆ ಸುಟ್ಟ ನೆಲವನ್ನೇ ಅಳೆದವರಿಗೂ ಇಳಿಕೆ ಕಂಡಿದೆ, ಆದರೆ ಬೆಂಕಿಯ ಎಣಿಕೆ ಹೇಳಿದಷ್ಟಲ್ಲ. ಅಂದರೆ ಎಲ್ಲವೂ ಸುಳ್ಳಲ್ಲ. 2018ರಿಂದ ಕೇಂದ್ರದ ಸಬ್ಸಿಡಿಯಲ್ಲಿ ಕೂಳೆಯ ನಡುವೆಯೇ ಗೋಧಿ ಬಿತ್ತುವ ಯಂತ್ರಗಳು, ಹುಲ್ಲಿನ ಪೆಂಡಿ ಕಟ್ಟುವ ಯಂತ್ರಗಳು ಬಂದಿವೆ. ಸುಡುವುದನ್ನು ಬಿಟ್ಟ ರೈತರು ಎಷ್ಟೋ ಮಂದಿ. ಎಣಿಕೆಯೇ ಅನುಮಾನಕ್ಕೆ ಸಿಕ್ಕಾಗ ಅವರ ಶ್ರಮವೂ ಅನುಮಾನಕ್ಕೆ ಸಿಗುತ್ತದೆ. ಒಂದೂವರೆಗೆ ಸುಟ್ಟವ ದಂಡ ಕಟ್ಟುತ್ತಾನೆ, ನಾಲ್ಕಕ್ಕೆ ಸುಟ್ಟವ ಪಾರಾಗುತ್ತಾನೆ. ಆ ಹೊಗೆಯನ್ನು ದೆಹಲಿಗಿಂತ ಮೊದಲು ಕುಡಿಯುವುದು ಆ ಹಳ್ಳಿಯ ಮಕ್ಕಳೇ.

ನಮಗೇನು?

ಗಂಗಾವತಿ, ಸಿಂಧನೂರು ಕಡೆ ಭತ್ತಕ್ಕೆ ಕಟಾವು ಯಂತ್ರ ಬಂದು ವರ್ಷಗಳಾದವು. ಮಂಡ್ಯ, ಬೆಳಗಾವಿಯಲ್ಲಿ ಕಬ್ಬಿನ ರವದಿಗೆ ಬೆಂಕಿ ಇಡುವುದೂ ಹೊಸದಲ್ಲ. ಅದೇ ಉಪಗ್ರಹಗಳು ನಮ್ಮ ಮೇಲೂ ಹಾಯುತ್ತವೆ; ನಾಸಾದ ಬೆಂಕಿ ನಕ್ಷೆಯನ್ನು ಯಾರು ಬೇಕಾದರೂ ಮೊಬೈಲಿನಲ್ಲೇ ನೋಡಬಹುದು.

ನಾಳೆ ಇಲ್ಲೂ ಎಣಿಕೆ, ನೋಟಿಸು ಶುರುವಾದರೆ ಊರಿನವರು ಕೇಳಬೇಕಾದ ಪ್ರಶ್ನೆ ಎರಡು. ಎಣಿಸುವುದು ಒಂದು ಹೊತ್ತಿನ ಬೆಂಕಿಯನ್ನೋ, ಸುಟ್ಟ ಎಕರೆಯನ್ನೋ? ನೋಟಿಸಿಗಿಂತ ಮೊದಲು ಸಣ್ಣ ರೈತನ ಹೊಲಕ್ಕೆ ಯಂತ್ರ ಬಾಡಿಗೆಗೆ ಸಿಗುತ್ತದೋ ಇಲ್ಲವೋ? ಪಂಜಾಬಿನಲ್ಲಿ ದಂಡ ಮೊದಲು ಬಂತು, ಯಂತ್ರದ ಸಬ್ಸಿಡಿ ಮೂರು ವರ್ಷ ತಡವಾಗಿ ಬಂತು.