ಗ್ಯಾಲ್ವೆಸ್ಟನ್ನಿನ ದೆವ್ವಗಳು ಮತ್ತು ಒಂದು ಲೋಟ ವಿಸ್ಕಿ

ಟೆಕ್ಸಸ್ ಕರಾವಳಿಯ ಗ್ಯಾಲ್ವೆಸ್ಟನ್ ನಗರದಲ್ಲಿ ಕತ್ತಲಾದ ಮೇಲೆ ದೆವ್ವಗಳನ್ನು ನೋಡಲು ಹೋಗುವ ಒಂದು ಪದ್ಧತಿಯಿದೆ. ಕೈಯಲ್ಲಿ ಲಾಂದ್ರ ಹಿಡಿದ ಮಾರ್ಗದರ್ಶಿಯೊಬ್ಬರು ಮುಂದೆ, ಹತ್ತು ಹನ್ನೆರಡು ಪ್ರವಾಸಿಗರು ಹಿಂದೆ. ಎರಡು ಗಂಟೆಗಳಲ್ಲಿ ನಾಲ್ಕು ಪಬ್ಬುಗಳು. ಒಂದೊಂದರಲ್ಲಿಯೂ ಒಂದು ಲೋಟ ಪಾನೀಯ, ಒಂದು ಪ್ರೇತಕಥೆ. ಇಂಗ್ಲಿಷಿನಲ್ಲಿ ಇದನ್ನು ಪಬ್ ಕ್ರಾಲ್ ಎನ್ನುತ್ತಾರೆ. ಪಬ್ಬಿನಿಂದ ಪಬ್ಬಿಗೆ ತೆವಳುವುದು ಎಂದು ಅರ್ಥ. ಕೊನೆಯ ಪಬ್ಬನ್ನು ತಲಪುವ ಹೊತ್ತಿಗೆ ಕೆಲವರ ಪಾಲಿಗೆ ಆ ಹೆಸರು ಅನ್ವರ್ಥವಾಗುವುದನ್ನು ನಾವು ಕಣ್ಣಾರೆ ಕಂಡೆವು. ಆದರೆ ಅಂದು ನಮ್ಮನ್ನು ಕಾಡಿದ್ದು ಮಾರ್ಗದರ್ಶಿ ಹೇಳಿದ ದೆವ್ವಗಳಿಗಿಂತ ಅವರ ಪಟ್ಟಿಯಲ್ಲಿ ಇಲ್ಲದ ದೆವ್ವಗಳು.

ಕನ್ನಡದಲ್ಲಿ ಭೂತ ಎಂದರೆ ಪಿಶಾಚಿಯೂ ಹೌದು, ಕಳೆದುಹೋದ ಕಾಲವೂ ಹೌದು. ಈ ಎರಡರ್ಥದ ಪದ ನಮ್ಮ ಬಳಿ ಇರುವುದರಿಂದ, ಊರೊಂದು ತನ್ನ ಭೂತಗಳ ಬಗ್ಗೆ ಮಾತನಾಡುವಾಗ ತನ್ನ ಭೂತಕಾಲದ ಬಗ್ಗೆಯೇ ಮಾತನಾಡುತ್ತಿರುತ್ತದೆ ಎಂಬುದು ನಮಗೆ ಬೇಗ ಹೊಳೆಯುತ್ತದೆ. ಹಾಗಾದರೆ ಕೇಳಬೇಕಾದ ಪ್ರಶ್ನೆ ಒಂದೇ: ಸತ್ತವರೆಲ್ಲರಲ್ಲಿ ಯಾರನ್ನು ಆರಿಸಿ ಊರು ದೆವ್ವದ ಪಟ್ಟ ಕಟ್ಟುತ್ತದೆ?

ಗ್ಯಾಲ್ವೆಸ್ಟನ್ ಹ್ಯೂಸ್ಟನ್ ನಗರದಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿರುವ ಉದ್ದನೆಯ, ಕಿರಿದಾದ ಮರಳಿನ ದ್ವೀಪ. ದಕ್ಷಿಣಕ್ಕೆ ಮೆಕ್ಸಿಕೋ ಕೊಲ್ಲಿಯ ತೆರೆಗಳು, ಉತ್ತರಕ್ಕೆ ಹಡಗುಗಳಿಗೆ ಆಸರೆಯಾದ ಶಾಂತ ಹಿನ್ನೀರು. ಹಿನ್ನೀರಿನ ಬದಿಯಲ್ಲಿ ಸ್ಟ್ರ್ಯಾಂಡ್ ಎಂಬ ಬೀದಿ. ಇಟ್ಟಿಗೆಯ ಗೋಡೆ, ಎರಕದ ಕಬ್ಬಿಣದ ಕಂಬಗಳ ಎತ್ತರದ ಕಟ್ಟಡಗಳು ಅಲ್ಲಿ ಸಾಲಾಗಿ ನಿಂತಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹತ್ತಿಯ ವ್ಯಾಪಾರ ಈ ಬೀದಿಯನ್ನು ಎಷ್ಟು ಶ್ರೀಮಂತಗೊಳಿಸಿತೆಂದರೆ ಅದನ್ನು ನೈಋತ್ಯದ ವಾಲ್ ಸ್ಟ್ರೀಟ್ ಎಂದು ಕರೆಯುತ್ತಿದ್ದರು. ಅಂದಿನ ಸಗಟು ಮಳಿಗೆಗಳಲ್ಲಿ ಇಂದು ಅಂಗಡಿಗಳು, ಬಾರುಗಳು. ದೆವ್ವಗಳ ನಡಿಗೆಗೆ ಇದಕ್ಕಿಂತ ಒಳ್ಳೆಯ ರಂಗಸಜ್ಜಿಕೆ ಬೇಕಿಲ್ಲ.

ಮೊದಲ ಪಬ್ಬಿನಲ್ಲಿ ಕೇಳಿದ್ದು ಕಡಲುಗಳ್ಳ ಜೀನ್ ಲಫೀಟನ ಕಥೆ. ಅವನು 1817ರಲ್ಲಿ ಈ ದ್ವೀಪಕ್ಕೆ ಬಂದು ಕಾಂಪೆಚೆ ಎಂಬ ವಸಾಹತನ್ನು ಕಟ್ಟಿದ. ನಾಲ್ಕೈದು ವರ್ಷಗಳಲ್ಲಿ ಅಮೆರಿಕದ ನೌಕಾಪಡೆಯ ಒತ್ತಡಕ್ಕೆ ಮಣಿದು ಅದನ್ನು ಬಿಟ್ಟು ಹೋದ. ಅವನು ಹೂತಿಟ್ಟ ನಿಧಿಯನ್ನು ಅವನ ನಾಯಿಗಳ ಪ್ರೇತಗಳು ಇಂದಿಗೂ ಕಾಯುತ್ತವೆಯಂತೆ. ಬಿರುಗಾಳಿಯ ರಾತ್ರಿಗಳಲ್ಲಿ ಅವುಗಳ ಊಳು ಕೇಳುತ್ತದೆಯಂತೆ. ಕೇಳಲು ಸೊಗಸಾದ ಕಥೆ. ಲಫೀಟನ ನಿಜವಾದ ನಿಧಿ ಮನುಷ್ಯರು ಎಂಬುದು ಮಾತ್ರ ಅದರಲ್ಲಿ ಬರಲಿಲ್ಲ. ಹೊರದೇಶದಿಂದ ಗುಲಾಮರನ್ನು ತರುವುದನ್ನು ಅಮೆರಿಕ 1808ರಿಂದ ನಿಷೇಧಿಸಿತ್ತು. ಲಫೀಟನ ಕಡೆಯವರು ಸ್ಪೇನಿನ ಹಡಗುಗಳನ್ನು ಹಿಡಿದು, ಅವುಗಳಲ್ಲಿದ್ದ ಆಫ್ರಿಕನ್ನರನ್ನು ಈ ದ್ವೀಪದಲ್ಲಿ ಮಾರುತ್ತಿದ್ದರು. ಕೊಂಡವರು ಅವರನ್ನು ಕಳ್ಳದಾರಿಯಲ್ಲಿ ಲೂಯಿಸಿಯಾನಾಕ್ಕೆ ಸಾಗಿಸುತ್ತಿದ್ದರು. ಮುಂದೆ ಟೆಕ್ಸಸ್ಸಿನ ವೀರನೆಂದು ಹೆಸರಾದ ಜಿಮ್ ಬೋವಿ ಮತ್ತವನ ಸೋದರರು ಈ ಗಿರಾಕಿಗಳಲ್ಲಿ ಸೇರಿದ್ದರು. ಹೀಗೆ ನಾಯಿಗಳಿಗೆ ಪ್ರೇತದ ಭಾಗ್ಯ ದೊರೆತಿದೆ. ಇಲ್ಲಿ ಮಾರಾಟವಾದ ಮನುಷ್ಯರಿಗೆ ದೊರೆತಿಲ್ಲ.

ಎರಡನೆಯ ಪಬ್ಬಿನಲ್ಲಿ ಮಾರ್ಗದರ್ಶಿಯ ದನಿ ತಗ್ಗಿತು. ಗ್ಯಾಲ್ವೆಸ್ಟನ್ನಿನ ಯಾವ ದೆವ್ವದ ಕಥೆಯೂ 1900ರ ಸೆಪ್ಟೆಂಬರ್ 8ನ್ನು ದಾಟದೆ ಮುಂದೆ ಹೋಗುವಂತಿಲ್ಲ. ಅಂದು ಶನಿವಾರ. ಊರಿನ ಜನಸಂಖ್ಯೆ ಸುಮಾರು 37,000. ಊರಿನ ಅತ್ಯಂತ ಎತ್ತರದ ಜಾಗವೂ ಸಮುದ್ರಮಟ್ಟದಿಂದ 3 ಮೀಟರಿಗಿಂತ ಕಡಿಮೆ. ಚಂಡಮಾರುತದೊಡನೆ ಉಬ್ಬಿಬಂದ ಕಡಲು ನಾಲ್ಕೂವರೆ ಮೀಟರನ್ನು ಮೀರಿತು. ಒಂದೇ ರಾತ್ರಿಯಲ್ಲಿ 3,600ರಷ್ಟು ಮನೆಗಳು ನೆಲಸಮವಾದವು. ಸತ್ತವರು 6,000ದಿಂದ 12,000ದವರೆಗೆ ಎಂದು ಬೇರೆ ಬೇರೆ ಅಂದಾಜುಗಳಿವೆ. ಸಾಮಾನ್ಯವಾಗಿ ಹೇಳುವ ಲೆಕ್ಕ 8,000. ಅಮೆರಿಕದ ಇತಿಹಾಸದಲ್ಲಿ ಇಷ್ಟು ಜನರನ್ನು ಬಲಿ ತೆಗೆದುಕೊಂಡ ನೈಸರ್ಗಿಕ ವಿಕೋಪ ಮತ್ತೊಂದಿಲ್ಲ.

ಇದು ಕೇವಲ ವಿಧಿಯ ಆಟವಾಗಿರಲಿಲ್ಲ. ಇದೇ ಕರಾವಳಿಯ ಇಂಡಿಯನೋಲಾ ಎಂಬ ರೇವುಪಟ್ಟಣ 1875 ಮತ್ತು 1886ರ ಚಂಡಮಾರುತಗಳಲ್ಲಿ ಅಳಿಸಿಹೋಗಿತ್ತು. ಅದನ್ನು ಕಂಡು ಗ್ಯಾಲ್ವೆಸ್ಟನ್ನಿಗೊಂದು ಕಡಲಗೋಡೆ ಬೇಕೆಂಬ ಮಾತು ಹುಟ್ಟಿ, ಹಾಗೆಯೇ ತಣ್ಣಗಾಗಿತ್ತು. ಸ್ಥಳೀಯ ಹವಾಮಾನ ಅಧಿಕಾರಿ ಐಸಾಕ್ ಕ್ಲೈನ್ ಅಂಥ ಭಯಕ್ಕೆ ಆಧಾರವಿಲ್ಲವೆಂದು 1891ರಲ್ಲಿ ಪತ್ರಿಕೆಯಲ್ಲಿ ಬರೆದಿದ್ದರು. ಚಂಡಮಾರುತಗಳನ್ನು ಬಲ್ಲ ಕ್ಯೂಬಾದ ವೀಕ್ಷಕರ ತಂತಿವರದಿಗಳಿಗೆ ಅಮೆರಿಕದ ಹವಾಮಾನ ಇಲಾಖೆ ಆ ವರ್ಷ ತಡೆಯೊಡ್ಡಿತ್ತು. ಕ್ಲೈನ್ ತಮ್ಮ ಗರ್ಭಿಣಿ ಪತ್ನಿಯನ್ನು ಆ ರಾತ್ರಿಯ ನೀರಿನಲ್ಲಿಯೇ ಕಳೆದುಕೊಂಡರು.

ಆ ರಾತ್ರಿಯ ದೆವ್ವಗಳಲ್ಲಿ ಎಲ್ಲರೂ ಬಲ್ಲವರು ಸೇಂಟ್ ಮೇರೀಸ್ ಅನಾಥಾಲಯದ ಮಕ್ಕಳು. ಕಡಲಂಚಿನ ಆ ಆಶ್ರಮದಲ್ಲಿ 93 ಮಕ್ಕಳೂ 10 ಮಂದಿ ಸನ್ಯಾಸಿನಿಯರೂ ಇದ್ದರು. ನೀರು ಏರುತ್ತಿದ್ದಂತೆ ಸನ್ಯಾಸಿನಿಯರು ಬಟ್ಟೆ ಒಣಗಿಸುವ ಹಗ್ಗದಿಂದ ಮಕ್ಕಳನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಂಡರು. ಮೂವರು ಹುಡುಗರು ಮಾತ್ರ ಒಂದು ಮರ ಹಿಡಿದು ಬದುಕಿದರು. ಉಳಿದವರಲ್ಲಿ ಕೆಲವರ ದೇಹಗಳು ಹಗ್ಗದ ಗಂಟು ಬಿಚ್ಚದ ಹಾಗೆಯೇ ಸಿಕ್ಕವು. ಆಶ್ರಮವಿದ್ದ ಜಾಗದ ಆಸುಪಾಸಿನ ಅಂಗಡಿಯಲ್ಲಿ ರಾತ್ರಿ ಮಕ್ಕಳ ನಗು ಕೇಳುತ್ತದೆ, ಆಟಿಕೆಗಳು ಜಾಗ ಬದಲಿಸುತ್ತವೆ ಎಂದು ಮಾರ್ಗದರ್ಶಿ ಹೇಳಿದಾಗ ಯಾರೂ ಲೋಟ ಎತ್ತಲಿಲ್ಲ. ಈ ನಡಿಗೆಗಳನ್ನು ಹಗುರವಾಗಿ ಕಾಣುವವರು ಆ ಒಂದು ಕ್ಷಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೀಚಿಗೆಂದು ಬಂದು, ಕುಡಿಯಲೆಂದು ಕುಳಿತವರಿಗೆ ಹಗ್ಗ ಕಟ್ಟಿಕೊಂಡ ಆ ಕೈಗಳ ವಿಷಯವನ್ನು ಬೇರೆ ಯಾರು ಹೇಳುತ್ತಿದ್ದರು?

ಮೂರನೆಯ ಪಬ್ಬು ಜೂಜುಕೋರರದು. 1920ರಿಂದ 1933ರವರೆಗಿನ ಪಾನನಿಷೇಧದ ಕಾಲದಲ್ಲಿ ಈ ದ್ವೀಪ ಕಳ್ಳಮದ್ಯದ ಹೆಬ್ಬಾಗಿಲಾಗಿತ್ತು. ಸಿಸಿಲಿಯಿಂದ ವಲಸೆ ಬಂದು ಕ್ಷೌರಿಕರಾಗಿದ್ದ ಸ್ಯಾಮ್ ಮತ್ತು ರೋಸಾರಿಯೋ ಮಸೆಯೋ ಸೋದರರು ಮದ್ಯ ಮತ್ತು ಜೂಜಿನ ಸಾಮ್ರಾಜ್ಯವನ್ನೇ ಕಟ್ಟಿದರು. ಕಡಲೊಳಗೆ ಚಾಚಿದ ಕಟ್ಟೆಯ ತುದಿಯಲ್ಲಿದ್ದ ಅವರ ಬಾಲಿನೀಸ್ ರೂಮ್ ಎಂಬ ಕ್ಲಬ್ಬು ಪೊಲೀಸರ ದಾಳಿಗಳನ್ನು ವರ್ಷಗಟ್ಟಲೆ ತಾಳಿಕೊಂಡು 1957ರಲ್ಲಿ ಬಾಗಿಲು ಹಾಕಿತು. ಕಟ್ಟಡವನ್ನು 2008ರ ಐಕ್ ಚಂಡಮಾರುತ ಕೊಚ್ಚಿಕೊಂಡು ಹೋಯಿತು. ಇಲ್ಲಿ ಕೊಲೆಯಾದ ಜೂಜುಕೋರ, ಹಿಂದಿರುಗದ ನಾವಿಕನಿಗಾಗಿ ಕಾದ ಪ್ರೇಯಸಿ, ಇವರ ಕಥೆಗಳು ಬಂದವು. ನಗು ಮರಳಿತು, ಲೋಟಗಳು ತುಂಬಿದವು.

ಆ ನಗುವಿನ ನಡುವೆ ನಮ್ಮಲ್ಲೊಬ್ಬರು ಮಾರ್ಗದರ್ಶಿಯನ್ನು ಕೇಳಿದರು: ಎಂಟು ಸಾವಿರ ಹೆಣಗಳನ್ನು ಎತ್ತಿದವರು ಯಾರು? ಅವರು ಒಂದು ಕ್ಷಣ ಸುಮ್ಮನಿದ್ದರು. ಅದು ಈ ನಡಿಗೆಯ ಕಥೆಗಳಲ್ಲಿಲ್ಲ, ಜನ ಮೋಜಿಗೆಂದು ಬಂದಿರುತ್ತಾರೆ ಎಂದರು. ಆಮೇಲೆ ಲಾಂದ್ರವನ್ನು ಮೇಜಿನ ಮೇಲಿಟ್ಟು, ನಾಲ್ಕನೆಯ ಪಬ್ಬಿಗೆ ಹೊರಡುವ ಮೊದಲು, ತಮಗೆ ತಿಳಿದಷ್ಟನ್ನು ಹೇಳಿದರು. ನಾವು ಓದಿ ತಿಳಿದುಕೊಂಡಿದ್ದಕ್ಕೂ ಅವರ ಮಾತಿಗೂ ವ್ಯತ್ಯಾಸವಿರಲಿಲ್ಲ.

ಸೆಪ್ಟೆಂಬರಿನ ಬಿಸಿಲು. ಮರಳಿನ ನೆಲ ನೀರು ಕುಡಿದಿತ್ತು. ಹೂಳಲು ಜಾಗವಿಲ್ಲ, ಸಮಯವೂ ಇಲ್ಲ. ಹೆಣಗಳನ್ನು ಕಡಲಿಗೆ ಬಿಡುವುದೆಂದು ತೀರ್ಮಾನವಾಯಿತು. ಸೋಮವಾರ ಸುಮಾರು 700 ಹೆಣಗಳನ್ನು ಒಂದು ದೊಡ್ಡ ಸರಕುದೋಣಿಗೆ ತುಂಬಿದರು. ಆ ಕೆಲಸಕ್ಕೆ 50ರಷ್ಟು ಆಫ್ರಿಕನ್ ಅಮೆರಿಕನ್ ಗಂಡಸರನ್ನು ಬಂದೂಕಿನ ಮೊನೆಯಲ್ಲಿ ದೋಣಿಗೆ ಹತ್ತಿಸಿದರು. ಕೈ ನಡುಗದಿರಲೆಂದು, ಮೂಗು ಮುಚ್ಚಿದಂತಾಗಲೆಂದು ಅವರಿಗೆ ವಿಸ್ಕಿ ಕೊಟ್ಟರು. ರಾತ್ರಿಯಿಡೀ ಅವರು ಆ ಹೆಣಗಳ ಜೊತೆ ಕಡಲ ಮೇಲಿದ್ದು, ಬೆಳಗಾದ ಮೇಲೆ ಭಾರ ಕಟ್ಟಿ ಒಂದೊಂದನ್ನೇ ನೀರಿಗಿಳಿಸಿದರು. ಎಷ್ಟೋ ಹೆಣಗಳು ತೆರೆಗಳೊಡನೆ ಮತ್ತೆ ದಡಕ್ಕೆ ಬಂದವು. ಆಮೇಲೆ ಸಿಕ್ಕ ಸಿಕ್ಕಲ್ಲಿಯೇ ಮುರಿದ ಮನೆಗಳ ಮರದಿಂದ ಚಿತೆಗಳನ್ನು ಒಡ್ಡಿದರು. ಅವು ವಾರಗಟ್ಟಲೆ ಉರಿದವು. ಹೆಣ ಹುಡುಕಿ ಸುಡುವ ತಂಡಗಳಿಗೂ ವಿಸ್ಕಿಯ ಪಾಲು ಸಲ್ಲುತ್ತಲೇ ಇತ್ತು.

ನಮ್ಮ ಕೈಯಲ್ಲಿದ್ದ ಲೋಟ ಆಗ ಬೇರೆಯದೇ ಆಗಿ ತೋರಿತು. ಸತ್ತವರನ್ನೂ ವಿಸ್ಕಿಯನ್ನೂ ಒಂದೇ ರಾತ್ರಿಯಲ್ಲಿ ಜೋಡಿಸುವುದು ಈ ಊರಿನಲ್ಲಿ ಪ್ರವಾಸೋದ್ಯಮ ಹುಡುಕಿದ ಉಪಾಯವಲ್ಲ. ಅದಕ್ಕಿಂತ ಬಹಳ ಹಿಂದೆ ಅದು ಬಂದೂಕು ಹಿಡಿದು ಹೊರಡಿಸಿದ ಆಜ್ಞೆಯಾಗಿತ್ತು.

ಇಷ್ಟೇ ಆಗಿದ್ದರೆ ಮರೆವು ಎಂದು ಸುಮ್ಮನಾಗಬಹುದಿತ್ತು. ಆದರೆ ಅಂದಿನ ಪತ್ರಿಕೆಗಳು ಈ ಜನರನ್ನು ಮರೆಯಲಿಲ್ಲ. ಬೇರೆ ರೀತಿಯಲ್ಲಿ ನೆನೆದವು. ಹೆಣಗಳ ಬೆರಳು ಕತ್ತರಿಸಿ ಉಂಗುರ ಕದಿಯುತ್ತಿದ್ದ ಕಪ್ಪು ಜನರನ್ನು ಸೈನಿಕರು ಗುಂಡಿಟ್ಟು ಕೊಂದರೆಂಬ ಸುದ್ದಿಗಳು ದೇಶವೆಲ್ಲ ಹರಡಿದವು. ಆ ಸುದ್ದಿಗಳಲ್ಲಿ ಅವರಿಗೆ ಕೊಟ್ಟ ಹೆಸರು ‘ಗೂಲ್’. ಅರಬ್ಬಿಯಿಂದ ಇಂಗ್ಲಿಷಿಗೆ ಬಂದ ಆ ಪದಕ್ಕೆ ಗೋರಿಗಳನ್ನು ಬಗೆದು ಹೆಣ ತಿನ್ನುವ ಪಿಶಾಚಿ ಎಂದು ಅರ್ಥ. ಆ ವರದಿಗಳಲ್ಲಿ ಹೆಚ್ಚಿನವಕ್ಕೆ ಆಧಾರ ಸಿಗುವುದಿಲ್ಲವೆಂದು ಆಮೇಲಿನ ಇತಿಹಾಸಕಾರರು ತೋರಿಸಿದ್ದಾರೆ. ಹೆಣ ಎತ್ತಲು ಬಲವಂತದಿಂದ ದೂಡಲ್ಪಟ್ಟವರೇ ಹೆಣ ತಿನ್ನುವವರೆಂಬ ಹೆಸರು ಹೊತ್ತರು. ಸತ್ತ ಮೇಲೆ ದೆವ್ವವೆಂದು ನೆನೆಯಲ್ಪಡುವ ಅವಕಾಶ ಇವರಿಗೆ ದೊರೆಯಲಿಲ್ಲ, ಬದುಕಿದ್ದಾಗಲೇ ಪಿಶಾಚಿಯೆನಿಸಿಕೊಂಡದ್ದಾಯಿತು. ರೆಡ್ ಕ್ರಾಸ್ ಸಂಸ್ಥೆಯ ಕ್ಲಾರಾ ಬಾರ್ಟನ್ ತಮ್ಮ 78ನೆಯ ವಯಸ್ಸಿನಲ್ಲಿ ಪರಿಹಾರಕಾರ್ಯಕ್ಕೆಂದು ಇಲ್ಲಿಗೆ ಬಂದಾಗ ಕಪ್ಪು ಜನರು ತಮ್ಮದೇ ಸಹಾಯಕ ಸಂಘ ಕಟ್ಟಿಕೊಂಡು ದುಡಿದರು. ಪಿಶಾಚಿಗಳ ಸುದ್ದಿ ಹೋದಷ್ಟು ದೂರ ಅದರ ಸುದ್ದಿ ಹೋಗಲಿಲ್ಲ.

ಊರು ಮತ್ತೆ ಎದ್ದು ನಿಂತ ಕಥೆ ನಿಜಕ್ಕೂ ದೊಡ್ಡದು. 1902ರಲ್ಲಿ ಕಡಲಗೋಡೆಯ ಕೆಲಸ ಆರಂಭವಾಯಿತು. 5 ಕಿಲೋಮೀಟರಿಗೂ ಹೆಚ್ಚು ಉದ್ದದ, 5 ಮೀಟರ್ ಎತ್ತರದ ಮೊದಲ ಭಾಗ 1904ರಲ್ಲಿ ಮುಗಿಯಿತು. ಮುಂದೆ 1911ರವರೆಗೆ ಊರಿನ ನೆಲವನ್ನೇ ಎತ್ತರಿಸಿದರು. 2,000ಕ್ಕೂ ಹೆಚ್ಚು ಕಟ್ಟಡಗಳನ್ನು ಸ್ಕ್ರೂಜಾಕುಗಳಿಂದ ಎತ್ತಿ ನಿಲ್ಲಿಸಿ, ಕಡಲ ತಳದ ಮರಳುರಾಡಿಯನ್ನು ಕೊಳವೆಗಳಲ್ಲಿ ತಂದು ಅವುಗಳ ಕೆಳಗೆ ತುಂಬಿದರು. 1915ರ ಚಂಡಮಾರುತಕ್ಕೆ ಆ ಗೋಡೆ ಎದೆಯೊಡ್ಡಿ ಊರನ್ನು ಕಾಯಿತು. ಹೀಗಾಗಿ ಕಡಲ ಕಡೆಯ ಬೀದಿಗಳಲ್ಲಿ ನಡೆಯುವವರ ಕಾಲಡಿಯಲ್ಲಿ ಹಳೆಯ ಊರಿನ ನೆಲ ಹೂತುಹೋಗಿದೆ. ಸಂಸ್ಕಾರವಿಲ್ಲದೆ ಹೋದ ಜೀವ ಪ್ರೇತವಾಗಿ ಅಲೆಯುತ್ತದೆ ಎಂಬ ನಂಬಿಕೆಯಲ್ಲಿ ಬೆಳೆದ ನಮ್ಮಂಥವರಿಗೆ, ಹೆಸರು ತಿಳಿಯದೆ ನೀರಿಗೂ ಬೆಂಕಿಗೂ ಸಂದ ಸಾವಿರಾರು ಜನರ ಮೇಲೆ ನಿಂತ ಈ ಊರಿನಲ್ಲಿ ದೆವ್ವಗಳಿವೆ ಎಂದರೆ ವಾದ ಮಾಡಬೇಕೆನಿಸುವುದಿಲ್ಲ. ರೋಸೆನ್‌ಬರ್ಗ್ ಗ್ರಂಥಾಲಯದಲ್ಲಿ ಅಂದು ಸತ್ತವರ ಹೆಸರುಗಳ ಪಟ್ಟಿಯೊಂದನ್ನು ಕಾಪಾಡಿಕೊಂಡು ಬಂದಿದ್ದಾರೆ. ಸಂಸ್ಕಾರಕ್ಕೆ ಹತ್ತಿರವಾದದ್ದು ಬಹುಶಃ ಅದೇ.

ನಡಿಗೆ ಮುಗಿದ ಮೇಲೆ ನಾವು ಸ್ಟ್ರ್ಯಾಂಡ್ ಬೀದಿ 22ನೆಯ ರಸ್ತೆಯನ್ನು ಸೇರುವ ಮೂಲೆಗೆ ಹೋದೆವು. ಒಂದು ಕಾಲಕ್ಕೆ ಓಸ್ಟರ್ಮನ್ ಕಟ್ಟಡ ಅಲ್ಲಿತ್ತು. 1865ರ ಜೂನ್ 19ರಂದು ಜನರಲ್ ಗಾರ್ಡನ್ ಗ್ರ್ಯಾಂಜರ್ ಇದೇ ಊರಿನಿಂದ ಹೊರಡಿಸಿದ ಮೂರನೆಯ ಸಾಮಾನ್ಯ ಆಜ್ಞೆ, ಟೆಕ್ಸಸ್ಸಿನ ಸುಮಾರು ಎರಡೂವರೆ ಲಕ್ಷ ಗುಲಾಮರಿಗೆ ಅವರು ಸ್ವತಂತ್ರರೆಂದು ತಿಳಿಸಿತು. ಲಿಂಕನ್ನರ ವಿಮೋಚನಾ ಘೋಷಣೆ ಜಾರಿಯಾಗಿ ಆಗಲೇ ಎರಡೂವರೆ ವರ್ಷ ಕಳೆದಿತ್ತು. ಜೂನ್‌ಟೀಂತ್ ಎಂಬ ಹೆಸರಿನ ಆ ದಿನ 2021ರಿಂದ ಇಡೀ ದೇಶದ ಸರ್ಕಾರಿ ರಜಾದಿನ. ಆ ಜಾಗದಲ್ಲಿ ಒಂದು ಗೋಡೆಯ ತುಂಬ ‘ಸಂಪೂರ್ಣ ಸಮಾನತೆ’ ಎಂಬ ಹೆಸರಿನ ದೊಡ್ಡ ಚಿತ್ರವಿದೆ.

1865ರಿಂದ 1900ಕ್ಕೆ 35 ವರ್ಷ. ಸರಕುದೋಣಿಗೆ ಹತ್ತಿಸಲ್ಪಟ್ಟ ಆ 50 ಮಂದಿಯಲ್ಲಿ ಮೂವತ್ತೈದು ದಾಟಿದ ಟೆಕ್ಸಸ್ಸಿನ ಕಪ್ಪು ಮನುಷ್ಯ ಯಾರಾದರೂ ಇದ್ದರೆ, ಅವನು ಗುಲಾಮಗಿರಿಯ ಕಾಲದಲ್ಲಿ ಹುಟ್ಟಿದವನೇ ಆಗಿರಬೇಕು. ನೀನು ಸ್ವತಂತ್ರ ಎಂಬ ಆಜ್ಞೆಯನ್ನೂ, ಹತ್ತು ದೋಣಿ ಎಂಬ ಆಜ್ಞೆಯನ್ನೂ ಒಂದೇ ಊರಿನಲ್ಲಿ, ಒಂದೇ ಜನ್ಮದಲ್ಲಿ ಅವನು ಕಂಡಿರಬೇಕು. ಮಾರ್ಗದರ್ಶಿ ಆ ಹೊತ್ತಿಗೆ ಲಾಂದ್ರ ಆರಿಸಿ ಮನೆಗೆ ಹೊರಟಿದ್ದರು. ನಾಳೆಯ ನಡಿಗೆಯಲ್ಲಿ ಆ ದೋಣಿಯ ಕಥೆಯನ್ನೂ ಸೇರಿಸುತ್ತೀರಾ ಎಂದು ನಾವು ಕೇಳಿದೆವು. ಎರಡನೆಯ ಪಬ್ಬಿನಲ್ಲಿ, ಮಕ್ಕಳ ಕಥೆಯ ನಂತರ ಹೇಳಬಹುದು ಎಂದರು. ಅಲ್ಲಿ ಜನ ಕೇಳುತ್ತಾರೆ.