ಐದು ಪೆಟ್ಟಿನ ಕ್ಯೂಬಾ

ಹವಾನಾ ಬಂದರಿನಲ್ಲಿ ಹಿಂದೆ ಹಡಗಿನ ಹಲಗೆಗಳನ್ನು ಬಿಗಿಯಲು ಗಟ್ಟಿಮರದ ಗೂಟಗಳನ್ನು ಬಳಸುತ್ತಿದ್ದರು. ಅಂಥ ಎರಡು ಗೂಟಗಳನ್ನು ಒಂದಕ್ಕೊಂದು ತಾಕಿಸಿ ಕೂಲಿಗಳು ಮಾಡಿಕೊಂಡ ವಾದ್ಯವೇ ‘ಕ್ಲಾವೆ’ ಎನ್ನುತ್ತಾರೆ. ಮೊದಲು ಮೂರು, ಆಮೇಲೆ ಎರಡು; ಒಟ್ಟು ಐದು ಪೆಟ್ಟು. ಕೆಲವೊಮ್ಮೆ ಇದು ತಿರುಗುಮುರುಗು ಆಗುವುದೂ ಉಂಟು. ಕ್ಯೂಬಾದ ಸಂಗೀತದ ಬಹುಪಾಲು ನಿಂತಿರುವುದು ಈ ಲೆಕ್ಕದ ಮೇಲೆ. ಯಾರೂ ಬಾರಿಸದಿದ್ದರೂ ವಾದ್ಯಗಾರರ ಮನಸ್ಸಿನಲ್ಲಿ ಅದು ಓಡುತ್ತಲೇ ಇರುತ್ತದೆ.

ಸ್ಪೇನಿನ ಒಡೆಯರು ಆ ದ್ವೀಪಕ್ಕೆ ಗಿಟಾರ್ ತಂದರು. ಕಬ್ಬಿನ ತೋಟಗಳ ದುಡಿಮೆಗೆಂದು ಆಫ್ರಿಕದಿಂದ ಹಿಡಿದು ತಂದ ಗುಲಾಮರು ತಮ್ಮ ತಾಳ, ದೈವಗಳನ್ನು ನೆನಪಿನಲ್ಲೇ ಹೊತ್ತು ತಂದರು. ಗುಲಾಮಗಿರಿ ರದ್ದಾದದ್ದು 1886ರಲ್ಲಿ. ಹವಾನಾ, ಮತಾನ್ಸಾಸ್ ನಗರಗಳ ವಠಾರಗಳಲ್ಲಿ ಕರಿಯರ ಮದ್ದಳೆ ಸಿಗದ ಕಡೆ ಉಪ್ಪುಮೀನಿನ ಖಾಲಿ ಪೆಟ್ಟಿಗೆಗಳೇ ಮದ್ದಳೆಯಾದವು. ರುಂಬಾ ಬೆಳೆದದ್ದು ಹೀಗೆ. 1930ರ ದಶಕದಲ್ಲಿ ಅಮೆರಿಕದ ಹೋಟೆಲುಗಳಲ್ಲಿ ‘ರುಂಬಾ’ ಎಂದು ಜನ ಕುಣಿದದ್ದು ಬೇರೆಯೇ. ಬಹುಮಟ್ಟಿಗೆ ಅದು ‘ಸೊನ್’.

ಸೊನ್ ಹುಟ್ಟಿದ್ದು ಪೂರ್ವ ಕ್ಯೂಬಾದ ಗುಡ್ಡಗಾಡಿನಲ್ಲಿ. ಮೂರು ಜೋಡಿ ತಂತಿಗಳ ‘ತ್ರೆಸ್’ ಎಂಬ ಪುಟ್ಟ ಗಿಟಾರ್, ಬೊಂಗೊ, ಹಾಡುಗಾರನಿಗೆ ದನಿಗೂಡಿಸುವ ಮೇಳ ಇದರ ಜೀವಾಳ. ಹವಾನಾ ಸೇರಿದ ಸೊನ್‌ಗೆ ಹೊಸ ರೂಪ ಕೊಟ್ಟವನು ಆರ್ಸೆನಿಯೊ ರೊಡ್ರಿಗೆಸ್. ಗುಲಾಮರ ಮೊಮ್ಮಗ, ಬಾಲ್ಯದಲ್ಲೇ ಕಣ್ಣು ಕಳೆದುಕೊಂಡವನು. 1940ರ ಸುಮಾರಿಗೆ ಅವನು ತನ್ನ ತಂಡಕ್ಕೆ ಪಿಯಾನೊ, ಹೆಚ್ಚಿನ ತುತ್ತೂರಿಗಳ ಜತೆಗೆ ಕಾಂಗಾವನ್ನೂ ತಂದ. ಕರಿಯರ ಬೀದಿವಾದ್ಯವೆಂದು ‘ಮರ್ಯಾದಸ್ಥ’ ತಂಡಗಳು ದೂರವಿಟ್ಟಿದ್ದ ಕಾಂಗಾ! ಇಂದು ಅದಿಲ್ಲದ ಕ್ಯೂಬನ್ ಸಂಗೀತವನ್ನು ಊಹಿಸುವುದೇ ಕಷ್ಟ.

ಇತ್ತ ನೃತ್ಯಶಾಲೆಗಳಲ್ಲಿ ‘ದಾನ್ಸೊನ್’ ನಡೆದಿತ್ತು. ಮಿಗೆಲ್ ಫೈಲ್ದೆ 1879ರಲ್ಲಿ ಮತಾನ್ಸಾಸ್‌ನಲ್ಲಿ ನುಡಿಸಿದ ಈ ಗಂಭೀರ ಶೈಲಿಯಿಂದಲೇ ಮುಂದೆ ಮಾಂಬೊ ಕವಲೊಡೆಯಿತು. ಪೆರೆಸ್ ಪ್ರಾದೊ 1949ರ ಹೊತ್ತಿಗೆ ಮೆಕ್ಸಿಕೊದಲ್ಲಿ ಕುಳಿತು ಮಾಂಬೊವನ್ನು ಲೋಕಕ್ಕೆಲ್ಲ ಹಂಚಿದ. ಅದರ ನಡೆಗೆ ಕುಣಿಯುವವರು ಎಡವುವುದನ್ನು ಕಂಡ ಪಿಟೀಲುಗಾರ ಎನ್ರಿಕೆ ಹೊರಿನ್, ತಾಳವನ್ನು ಸರಳಗೊಳಿಸಿ ಚಾಚಾಚಾ ಕಟ್ಟಿದ. ನೆಲಕ್ಕೆ ಉಜ್ಜುವ ಪಾದಗಳ ಸದ್ದೇ ಅದರ ಹೆಸರಾಯಿತು.

ನ್ಯೂಯಾರ್ಕಿನ ಸಾಲ್ಸಾ ತಂಡಗಳು ಆರ್ಸೆನಿಯೊ ಹಾಕಿಕೊಟ್ಟ ಜಾಡಿನಲ್ಲೇ ಹೆಸರು, ಹಣ ಮಾಡಿದವು. ಅವನು ಮಾತ್ರ 1970ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ತೀರಿಕೊಂಡಾಗ ಹೆಚ್ಚು ಜನ ಗಮನಿಸಲಿಲ್ಲ. 1940ರ ದಶಕದಲ್ಲಿ ಅವನ ತಂಡದಲ್ಲಿ ಪಿಯಾನೊ ನುಡಿಸಿದ್ದವರಲ್ಲಿ ರೂಬೆನ್ ಗೊನ್ಸಾಲೆಸ್ ಒಬ್ಬ. 1996ರಲ್ಲಿ ಹವಾನಾದಲ್ಲಿ ‘ಬ್ಯುಯೆನಾ ವಿಸ್ತಾ ಸೋಶಿಯಲ್ ಕ್ಲಬ್’ ಧ್ವನಿಮುದ್ರಣಕ್ಕೆ ಕರೆ ಬಂದಾಗ ಅವನಿಗೆ ಎಪ್ಪತ್ತು ದಾಟಿತ್ತು. ಮನೆಯಲ್ಲಿ ಪಿಯಾನೊ ಇರಲಿಲ್ಲ. ಬೆಳಿಗ್ಗೆ ಸ್ಟುಡಿಯೊ ಬೀಗ ತೆಗೆಯುವ ಮುಂಚೆಯೇ ಬಂದು ಬಾಗಿಲಲ್ಲಿ ಕಾಯುತ್ತಿದ್ದನಂತೆ.