ಅಕ್ಕ-ತಂಗಿ ಜಲಪಾತದಿಂದ ಮಹಾಕೂಟಕ್ಕೆ: ಒಂದು ದಿನದ ಕಾಲ್ನಡಿಗೆ



ರಜತ ಮಹೋತ್ಸವದ ಸಂಚಿಕೆಗೆ ಇತಿಹಾಸದ ಬಗ್ಗೆ ಏನಾದರೂ ಬರೆದು ಕೊಡಿರಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಬಾದಾಮಿಯ ಗುಡ್ಡ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ನಮ್ಮ ಎರಿ ಭೂಮಿಯ ಬಯಲಿನಲ್ಲಿ ಜಲಪಾತ ಎಲ್ಲಿಂದ ಬರಬೇಕು? ಮಳೆ ಬಂದರೆ ಹಳ್ಳ ತುಂಬುತ್ತದೆ, ನಾಲ್ಕು ದಿನಕ್ಕೆ ಬತ್ತುತ್ತದೆ. ಅದಕ್ಕೇ ನಮ್ಮ ಹಿರೀಕರು ಶ್ರಾವಣ ಬಂತೆಂದರೆ ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿಕೊಂಡು ಬಾದಾಮಿ, ಬನಶಂಕರಿ, ಮಹಾಕೂಟಕ್ಕೆ ಹೋಗುತ್ತಿದ್ದರು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆ ಆಗುವ ತನಕ ಅದೂ ನಮ್ಮ ಬಿಜಾಪುರ ಜಿಲ್ಲೆಯೇ ಆಗಿತ್ತು.

ನಾನು ಮೊದಲು ಹೋದದ್ದು 1973ರಲ್ಲಿ, ಮುತ್ಯಾನ ಕೈ ಹಿಡಿದುಕೊಂಡು. ಹಿಂದಿನ ವರ್ಷದ ಬರದಲ್ಲಿ ನಮ್ಮ ಬಾವಿ ಬತ್ತಿ ಎತ್ತು ಮಾರಿದ್ದೆವು. ಆಗ ಊರಾಗ ಸಂಘ ಇರಲಿಲ್ಲ. ಸಾಲ ಬೇಕೆಂದರೆ ಸಾಹುಕಾರನ ಮನೆ ಒಂದೇ. "ಮಳಿ ಆತು ಅಂದ್ರ ಬನಶಂಕರಿಗೆ ಬರ್ತೀನಿ" ಎಂದು ಮುತ್ಯಾ ಹರಕೆ ಹೊತ್ತಿದ್ದ.

ಬನಶಂಕರಿ ಎಂದರೆ ಬನದ ತಾಯಿ. ಆ ಕಾಡನ್ನು ತಿಲಕಾರಣ್ಯ ಎನ್ನುತ್ತಾರೆ. ಬರಗಾಲದಲ್ಲಿ ಜನರಿಗೆ ಕಾಯಿಪಲ್ಯೆ ಕೊಟ್ಟು ಕಾಯ್ದಳೆಂದು ಅವಳಿಗೆ ಶಾಕಾಂಭರಿ ಎಂದೂ ಹೆಸರು. ಬನದ ಹುಣ್ಣಿಮೆಯ ಜಾತ್ರೆಗೆ ಮುನ್ನ ಪಲ್ಯೇದ ಹಬ್ಬ ಮಾಡಿ 108 ಬಗೆಯ ಪಲ್ಯೆ ನೈವೇದ್ಯ ಕೊಡುವುದು ಇದೇ ಕಾರಣಕ್ಕೆ.

ದರ್ಶನ ಮುಗಿಸಿ ಬಾದಾಮಿಯ ಅಗಸ್ತ್ಯ ತೀರ್ಥಕ್ಕೆ ಬಂದೆವು. ಮಳೆಗಾಲದಲ್ಲಿ ಕೆಂಪು ಬಂಡೆಯ ಮೇಲಿಂದ ಎರಡು ಧಾರೆ ಜೋಡಿಯಾಗಿ ಧುಮುಕುತ್ತವೆ. ಅವೇ ಅಕ್ಕ-ತಂಗಿ. ಆದರೆ ನಮ್ಮ ನಸೀಬಕ್ಕೆ ಎರಡು ದಿನದಿಂದ ಮಳೆ ಇರಲಿಲ್ಲ. ಬಂಡೆಯ ಮೇಲೆ ಹಸೀ ಗುರುತು ಬಿಟ್ಟರೆ ಏನೂ ಇಲ್ಲ. ನಾನು ಅಳುಮೋರೆ ಮಾಡಿದೆ. ಮುತ್ಯಾ ನಕ್ಕು, "ಬೀಳೂ ನೀರು ಇವತ್ತ ಇರತೈತಿ, ನಾಳೆ ಇರೂದಿಲ್ಲ. ನಿಂತ ನೀರು ತೋರಸ್ತೀನಿ ನಡಿ" ಎಂದ.

ಆ ಕೆರೆಯ ಸುತ್ತ ಇರುವುದೆಲ್ಲ ಇತಿಹಾಸವೇ. ಕ್ರಿ.ಶ. 543ರಲ್ಲಿ ಒಂದನೆಯ ಪುಲಕೇಶಿ ಈ ಗುಡ್ಡದ ಮೇಲೆ ಕೋಟೆ ಕಟ್ಟಿಸಿದ್ದನ್ನು ಬಂಡೆಯ ಶಾಸನ ಹೇಳುತ್ತದೆ. ಕನ್ನಡದ ತ್ರಿಪದಿ ಮೊದಲು ಕಾಣುವ ಕಪ್ಪೆ ಅರಭಟ್ಟನ ಶಾಸನವೂ ಇಲ್ಲಿಯ ಬಂಡೆಯ ಮೇಲೆಯೇ ಇದೆ. ಇಲ್ಲಿಂದ ಗುಡ್ಡ ಹತ್ತಿ ಇಳಿದರೆ ಸುಮಾರು ಐದು ಕಿಲೋಮೀಟರಿಗೆ ಮಹಾಕೂಟ. ಗಾಡಿ ರಸ್ತೆ ಸುತ್ತುಬಳಸು. ದಾರಿಯ ಕಾಡಿನೊಳಗೆ ಚಾಲುಕ್ಯರ ಕಾಲದ ನಾಗನಾಥ ಗುಡಿ ಸಿಗುತ್ತದೆ. ಬುತ್ತಿ ಬಿಚ್ಚಲು ಅದೇ ಜಾಗ.

ಮಹಾಕೂಟದ ಅಂಗಳದಲ್ಲಿ ವಿಷ್ಣು ಪುಷ್ಕರಣಿ ಇದೆ. ಗುಡ್ಡದ ಬುಡದ ಊಟೆಯಿಂದ ಅದರೊಳಗೆ ನೀರು ಬರುತ್ತಲೇ ಇರುತ್ತದೆ. "ಬರದಾಗೂ ಇದು ಬತ್ತಲಿಲ್ಲಪಾ" ಎಂದು ಅಲ್ಲಿಯ ಒಬ್ಬ ಅಜ್ಜ ಹೇಳಿದಾಗ ಮುತ್ಯಾ ಮೊಣಕಾಲ ಮಟ ಇಳಿದು ಬಹಳ ಹೊತ್ತು ಸುಮ್ಮನೆ ನಿಂತಿದ್ದ. ಎತ್ತು ಮಾರಿದ ದಿನವೂ ಅಳದಿದ್ದವನ ಕಣ್ಣಾಗ ಅಂದು ನೀರು ಬಂದವು.

ಕಾರಣ ನನಗೆ ದೊಡ್ಡವನಾದ ಮೇಲೆ ತಿಳಿಯಿತು. ಬಂಡೆಯ ಮೇಲಿಂದ ಓಡಿಹೋದ ನೀರು ಜಲಪಾತವಾಗುತ್ತದೆ. ಗಿಡಗಂಟಿಯ ಬೇರು ತಡೆದ ನೀರು ಮರಳುಗಲ್ಲಿನ ಬಿರುಕಿನೊಳಗೆ ಇಳಿದು ಊಟೆಯಾಗುತ್ತದೆ. ಮೇಲಿನ ಕಾಡು ಉಳಿದರೆ ಕೆಳಗಿನ ಹೊಂಡ ಉಳಿದೀತು.

ಈ ನೀರಿನ ಕ್ಷೇತ್ರಕ್ಕೆ ಕೊಟ್ಟವರು ರಾಜರಷ್ಟೇ ಅಲ್ಲ. ಕ್ರಿ.ಶ. 602ರ ಸುಮಾರಿಗೆ ಮಂಗಲೇಶ ಇಲ್ಲಿ ಒಂದು ಕಂಬ ನಿಲ್ಲಿಸಿದ. ದೇವರಿಗೆ ಬಿಟ್ಟ ಹತ್ತು ಹಳ್ಳಿಗಳ ದತ್ತಿಯ ಜೊತೆ ರಾಣಿ ದುರ್ಲಭದೇವಿಯ ಹೆಸರನ್ನೂ ಅದು ಹೇಳುತ್ತದೆ. ಮುಂದೆ ವಿಜಯಾದಿತ್ಯನ (ಕ್ರಿ.ಶ. 696-733) ಪ್ರಾಣವಲ್ಲಭೆಯಾಗಿದ್ದ ವಿನಾಪೋಟಿ ಎಂಬಾಕೆ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ, ಜೊತೆಗೆ ಹೊಲವನ್ನೂ ಕೊಟ್ಟಳೆಂದು ಗುಡಿಯ ಕನ್ನಡ ಶಾಸನದಲ್ಲಿದೆ. ಪೀಠವೂ ಇಲ್ಲ, ಕೊಡೆಯೂ ಇಲ್ಲ. ನೀರು ಮಾತ್ರ ಇದೆ. ಮಂಗಲೇಶನ ಆ ಕಂಬ ಈಗ ವಿಜಯಪುರದ ಗೋಳಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯದಲ್ಲಿದೆ. ಗುಮ್ಮಟ ನೋಡಲು ಹೋದ ನಮ್ಮ ಮಂದಿ ಎಷ್ಟು ಜನ ಅದರ ಮುಂದೆ ಒಂದು ಗಳಿಗೆ ನಿಂತಿದ್ದಾರೆ?

ಬಂಧುಗಳೇ, 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ದು ಇಂಥದೇ ಒಣ ಸೀಮೆಯಲ್ಲಿ. ನಮ್ಮ ಸಂಘಕ್ಕೆ ಈಗ 25 ತುಂಬಿದೆ. ಸಾಲ ಹಂಚುವುದು ಜಲಪಾತದ ಹಾಗೆ. ಎಲ್ಲರ ಕಣ್ಣಿಗೂ ಕಾಣುತ್ತದೆ. ಷೇರು, ಕಾಯ್ದಿಟ್ಟ ನಿಧಿ, ವೇಳೆಗೆ ಸರಿಯಾಗಿ ಬರುವ ಕಂತು ಇವು ಒಳಗಿನ ಊಟೆ. ಇನ್ನೊಂದು ಬರ ಬಂದಾಗ ಎತ್ತು ಉಳಿಸುವುದು ಅದೇ.

ಈ ಸಲ ಮಳೆಗಾಲದಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿಬರ್ರಿ. ಇಂಡಿ, ಬಾಗೇವಾಡಿಯವರಿಗೆ ಅದೇ ಮಾರ್ಗದ ರೈಲು ಇದೆ. ಮುದ್ದೇಬಿಹಾಳದವರು ಆಲಮಟ್ಟಿಯಲ್ಲಿ, ಸಿಂದಗಿಯವರು ವಿಜಯಪುರದಲ್ಲಿ ಹತ್ತಬಹುದು. ಬಂಡೆ ಜಾರುತ್ತವೆ, ಹುಷಾರು. ಪ್ಲಾಸ್ಟಿಕ್ ಅಲ್ಲಿ ಒಗೆಯಬ್ಯಾಡ್ರಿ. ಅಕ್ಕ-ತಂಗಿ ಬೀಳದಿದ್ದರೆ ಬೇಜಾರು ಮಾಡಿಕೊಳ್ಳದೆ ಗುಡ್ಡ ದಾಟಿ ಹೋಗ್ರಿ. ನಿಂತ ನೀರು ನಿಮಗಾಗಿ ಕಾದಿರುತ್ತದೆ.